ಕಂಸದೊಳಗಿನ ಕಸುಬು

ಜರ್ಮನಿಯಲ್ಲಿ ಸಾಹಿತ್ಯ ಪ್ರಶಸ್ತಿಯ ತೀರ್ಪುಗಾರರ ಪಟ್ಟಿ ಪ್ರಕಟಿಸುವಾಗ ಒಂದು ಒಳ್ಳೆಯ ರೂಢಿಯಿದೆ. ಪ್ರತಿ ಹೆಸರಿನ ಮುಂದೆಯೂ ಕಂಸದಲ್ಲಿ ಆ ವ್ಯಕ್ತಿ ಎಲ್ಲಿ, ಏನು ಕೆಲಸ ಮಾಡುತ್ತಾರೆ ಎಂದು ಬರೆದಿರುತ್ತಾರೆ. ಇಂಥವರು, ಇಂಥ ಪತ್ರಿಕೆ. ಇಂಥವರು, ಇಂಥ ಊರಿನ ಪುಸ್ತಕದಂಗಡಿ. ಪ್ರಶಸ್ತಿ ಘೋಷಣೆಯಾದ ಮೇಲೆ ಆ ಕಂಸವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಗೆದ್ದ ಪುಸ್ತಕದ ಹೆಸರು, ಅದರ ರಕ್ಷಾಪುಟದ ಮೇಲಿನ ಗುಂಡಗಿನ ಚೀಟಿ, ಇವಷ್ಟೇ ಉಳಿಯುತ್ತವೆ. ಆದರೆ ಆ ಚೀಟಿ ಏನು ಹೇಳುತ್ತಿದೆ ಎಂದು ತಿಳಿಯಬೇಕಾದರೆ ಕಂಸದೊಳಗೆ ಇಣುಕಬೇಕು.

ನಾನಿಲ್ಲಿ ಮುಖ್ಯವಾಗಿ ನೋಡುತ್ತಿರುವುದು ‘ಡಾಯ್ಚರ್ ಬೂಖ್‌ಪ್ರೈಸ್’ ಎಂಬ ಜರ್ಮನ್ ಪುಸ್ತಕ ಪ್ರಶಸ್ತಿಯನ್ನು. ಮ್ಯಾಕ್ಸ್‌ಮುಲ್ಲರ್ ಭವನದ ಸಂಜೆ ತರಗತಿಗಳಲ್ಲಿ ಜರ್ಮನ್ ಕಲಿತವರಿಗೆ, ಇಂಗ್ಲಿಷ್ ಅನುವಾದದಲ್ಲಿ ಜರ್ಮನ್ ಕಾದಂಬರಿ ಹುಡುಕುವವರಿಗೆ ಇವತ್ತು ಮೊದಲು ಸಿಗುವ ಕೈಮರ ಇದೇ. ಇದನ್ನು ಶುರುಮಾಡಿದ್ದು 2005ರಲ್ಲಿ. ಶುರುಮಾಡಿದವರು ಜರ್ಮನ್ ಪುಸ್ತಕೋದ್ಯಮದ ಒಕ್ಕೂಟವಾದ ಬ್ಯೋರ್ಸೆನ್‌ಫೆರೈನ್. 1825ರಲ್ಲಿ ಲೈಪ್ಸಿಗ್‌ನಲ್ಲಿ ಹುಟ್ಟಿದ ಈ ಒಕ್ಕೂಟದಲ್ಲಿ ಪ್ರಕಾಶಕರು, ಸಗಟು ವ್ಯಾಪಾರಿಗಳು, ಅಂಗಡಿಯವರು ಎಲ್ಲರೂ ಇದ್ದಾರೆ. ಆ ವರ್ಷದ ಅತ್ಯುತ್ತಮ ಜರ್ಮನ್ ಕಾದಂಬರಿಯನ್ನು ಆರಿಸುವುದು ಪ್ರಶಸ್ತಿಯ ಉದ್ದೇಶ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಮೂರೂ ದೇಶಗಳ ಪ್ರಕಾಶಕರು ಪುಸ್ತಕ ಕಳಿಸಬಹುದು. ಆಗಸ್ಟ್‌ನಲ್ಲಿ 20 ಪುಸ್ತಕಗಳ ಉದ್ದ ಪಟ್ಟಿ, ಸೆಪ್ಟೆಂಬರ್‌ನಲ್ಲಿ ಆರರ ಕಿರುಪಟ್ಟಿ, ಅಕ್ಟೋಬರ್‌ನಲ್ಲಿ ಫ್ರಾಂಕ್‌ಫರ್ಟ್ ಪುಸ್ತಕ ಮೇಳ ಶುರುವಾಗುವ ಹೊತ್ತಿಗೆ ಒಂದು ಹೆಸರು. ಗೆದ್ದವರಿಗೆ 25,000 ಯೂರೊ, ಕಿರುಪಟ್ಟಿಯ ಉಳಿದ ಐವರಿಗೆ ತಲಾ 2,500. ತೀರ್ಪುಗಾರರು ಏಳು ಮಂದಿ, ಪ್ರತಿ ವರ್ಷವೂ ಹೊಸಬರು. ಅವರನ್ನು ಆರಿಸುವುದು ಈ ಪ್ರಶಸ್ತಿಗೆಂದೇ ಇರುವ ಒಂದು ಅಕಾಡೆಮಿ.

ಎರಡು ವರ್ಷಗಳ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡೋಣ. 2021ರ ಏಳು ಜನರಲ್ಲಿ ನಾಲ್ವರು ಮಾಧ್ಯಮದವರು: ಬವೇರಿಯಾ ಬಾನುಲಿಯಿಂದ ಒಬ್ಬರು, ‘ಫ್ರಾಂಕ್‌ಫುರ್ಟರ್ ಆಲ್ಗೆಮೈನೆ’, ‘ಡೀ ವೆಲ್ಟ್’ ಮತ್ತು ವಿಯೆನ್ನಾದ ‘ಡೀ ಪ್ರೆಸ್ಸೆ’ ಪತ್ರಿಕೆಗಳಿಂದ ಒಬ್ಬೊಬ್ಬರು. ಇಬ್ಬರು ಕಲೋನ್ ಮತ್ತು ಗ್ಯೋಟಿಂಗೆನ್ ನಗರಗಳ ಸಾಹಿತ್ಯ ಭವನಗಳನ್ನು ನಡೆಸುವವರು. ಒಬ್ಬರು ಪುಸ್ತಕದಂಗಡಿಯವರು. 2022ರಲ್ಲಿ ಬಾನುಲಿ, ಪತ್ರಿಕೆ, ಸ್ವತಂತ್ರ ವಿಮರ್ಶೆ ಈ ಕಡೆಯಿಂದ ಮೂವರು. ಹ್ಯಾಂಬರ್ಗ್ ಮತ್ತು ಕಲೋನ್‌ನಿಂದ ಇಬ್ಬರು ಪುಸ್ತಕ ಮಾರಾಟಗಾರರು. ಜ್ಯೂರಿಕ್‌ನ ಸಾಹಿತ್ಯ ಭವನದಿಂದ ಒಬ್ಬರು. ಸಾಹಿತ್ಯ ಕಾರ್ಯಕ್ರಮಗಳನ್ನು ರೂಪಿಸಿ ನಿರೂಪಿಸುವ ಒಬ್ಬರು. ಎರಡೂ ವರ್ಷ ಸೇರಿಸಿದರೆ ಹದಿನಾಲ್ಕು ಜನ: ಏಳು ವಿಮರ್ಶಕರು, ಮೂವರು ಅಂಗಡಿಯವರು, ಮೂವರು ಸಾಹಿತ್ಯ ಭವನದವರು, ಒಬ್ಬರು ಕಾರ್ಯಕ್ರಮ ಸಂಯೋಜಕರು. ಬೇರೆ ವರ್ಷಗಳಲ್ಲಿ ವಿಶ್ವವಿದ್ಯಾಲಯದ ಸಾಹಿತ್ಯ ಪ್ರಾಧ್ಯಾಪಕರೂ ಒಮ್ಮೊಮ್ಮೆ ಬರಹಗಾರರೂ ಬಂದಿದ್ದಾರೆ. ಒಟ್ಟು ಚಿತ್ರ ಮಾತ್ರ ಹೆಚ್ಚು ಬದಲಾಗುವುದಿಲ್ಲ.

ಸಾಹಿತ್ಯ ಭವನ ಎಂದರೆ ನಮ್ಮ ಕಡೆ ಸ್ಮಾರಕವೋ ಸಭಾಂಗಣವೋ ನೆನಪಾಗುತ್ತದೆ. ಜರ್ಮನ್ ಊರುಗಳಲ್ಲಿ ಅದು ವರ್ಷವಿಡೀ ನಡೆಯುವ ಸಂಸ್ಥೆ. ಲೇಖಕರು ಬಂದು ತಮ್ಮ ಪುಸ್ತಕದಿಂದ ಓದುತ್ತಾರೆ, ಕೇಳುವವರು ಟಿಕೆಟ್ ಕೊಂಡು ಬರುತ್ತಾರೆ. ಅಲ್ಲಿನ ಬಹಳಷ್ಟು ಬರಹಗಾರರ ಸಂಪಾದನೆಯಲ್ಲಿ ಇಂಥ ಓದುಗಳ ಗೌರವಧನಕ್ಕೆ ದೊಡ್ಡ ಪಾಲಿದೆ. ಆದ್ದರಿಂದ ಭವನ ನಡೆಸುವವರ ಅಭಿರುಚಿಗೆ ಪ್ರಶಸ್ತಿಯ ಹೊರಗೂ ತೂಕವಿದೆ.

ಈ ಪಟ್ಟಿ ಕಂಡಾಗ ಮೊದಲು ಏಳುವ ಅನುಮಾನ ಸುಲಭದ್ದು. ಪುಸ್ತಕ ವ್ಯಾಪಾರಿಗಳ ಒಕ್ಕೂಟ ಕೊಡುವ ಪ್ರಶಸ್ತಿ. ತೀರ್ಪು ಕೊಡುವವರಲ್ಲಿ ಅಂಗಡಿಯವರು. ಘೋಷಣೆ ಮೇಳದ ಹೊತ್ತಿಗೆ, ಕ್ರಿಸ್‌ಮಸ್ ಖರೀದಿಗೆ ಮೊದಲು. ಹಾಗಾದರೆ ಇದು ಚೆನ್ನಾಗಿ ಮಾರಾಟವಾಗುವ ಪುಸ್ತಕಕ್ಕೆ ಹಾಕುವ ಹಾರ ತಾನೇ? ಜರ್ಮನಿಯಲ್ಲೂ ಈ ಮಾತು ಬಹಳ ಸಲ ಬಂದಿದೆ. ಕಾದಂಬರಿಕಾರ ಡಾನಿಯೆಲ್ ಕೇಲ್‌ಮನ್ 2008ರಲ್ಲಿ, ಲೇಖಕರನ್ನು ಸ್ಪರ್ಧಾಳುಗಳಂತೆ ಕೂರಿಸುವ ಈ ಪದ್ಧತಿ ಅವಮಾನಕರ ಎಂಬ ಅರ್ಥದಲ್ಲಿ ಬರೆದರು. ಅದೇ ವರ್ಷ ಪೀಟರ್ ಹಾಂಡ್ಕೆ ಉದ್ದ ಪಟ್ಟಿಯಿಂದ ತಮ್ಮ ಹೆಸರು ತೆಗೆಸಿಕೊಂಡರು.

ಆದರೆ ಗೆದ್ದ ಪುಸ್ತಕಗಳು ಈ ಅನುಮಾನಕ್ಕೆ ಸಾಕ್ಷಿ ಹೇಳುವುದಿಲ್ಲ. ಮೊದಲ ವರ್ಷವೇ ನೋಡಿ. 2005ರ ಕಿರುಪಟ್ಟಿಯಲ್ಲಿ ಕೇಲ್‌ಮನ್ನರ ‘ಜಗದ ಅಳತೆ’ ಇತ್ತು. ಮುಂದೆ ಅದು ಜರ್ಮನ್ ಭಾಷೆಯ ಅತಿ ದೊಡ್ಡ ಮಾರಾಟದ ಕಾದಂಬರಿಗಳಲ್ಲಿ ಒಂದಾಯಿತು. ಪ್ರಶಸ್ತಿ ಹೋದದ್ದು ಆರ್ನೊ ಗೈಗರ್ ಅವರ ಒಂದು ಕುಟುಂಬದ ಕಥೆಗೆ. 2015ರಲ್ಲಿ ಗೆದ್ದ ಫ್ರಾಂಕ್ ವಿಟ್ಜೆಲ್ ಕಾದಂಬರಿ ಎಂಟುನೂರು ಪುಟಗಳದ್ದು, ಅದರ ಶೀರ್ಷಿಕೆಯೇ ಒಂದು ಪೂರ್ತಿ ಸಾಲು. 2020ರಲ್ಲಿ ಆನ್ ವೇಬರ್ ಗೆದ್ದದ್ದು ಪದ್ಯದಲ್ಲಿ ಬರೆದ ಒಂದು ವೀರಕಥನಕ್ಕೆ. ಅದರ ನಾಯಕಿ ಫ್ರಾನ್ಸಿನ ಪ್ರತಿರೋಧ ಚಳವಳಿಯಲ್ಲಿದ್ದ ನಿಜವಾದ ಒಬ್ಬ ಹೆಂಗಸು. ಇಬ್ಬರು ಅಂಗಡಿಯವರು ತೀರ್ಪುಗಾರರಾಗಿದ್ದ 2022ರಲ್ಲೇ ಕಿಮ್ ದ ಲೋರಿಜೋನ್ ಅವರ ‘ಬ್ಲೂಟ್‌ಬೂಖ್’ ಗೆದ್ದಿತು. ಗಂಡು ಹೆಣ್ಣು ಎರಡರಲ್ಲೂ ತನ್ನನ್ನು ಸೇರಿಸಿಕೊಳ್ಳದ ಒಬ್ಬ ವ್ಯಕ್ತಿ ಅಜ್ಜಿಯ ನೆನಪುಗಳನ್ನು ಅಗೆಯುತ್ತ ಭಾಷೆಯನ್ನೇ ಮುರಿದು ಕಟ್ಟುವ ಕಾದಂಬರಿ ಅದು. ಪ್ರಶಸ್ತಿಯ ನಂತರ ಲೇಖಕರಿಗೆ ಬೆದರಿಕೆಗಳು ಬಂದು, ಮೇಳದಲ್ಲಿ ಭದ್ರತೆ ಒದಗಿಸಬೇಕಾಯಿತು. ಸುಲಭವಾಗಿ ಮಾರಬಹುದಾದ ಸರಕನ್ನು ಹುಡುಕುವವರು ಈ ಪುಸ್ತಕದ ಹತ್ತಿರ ಹೋಗುತ್ತಿರಲಿಲ್ಲ.

ಹಾಗಾಗಿ ಕಸುಬು ತೀರ್ಪಿನ ಮೇಲೆ ಪ್ರಭಾವ ಬೀರುವುದು ಲಾಭದ ಲೆಕ್ಕದಿಂದಲ್ಲ ಎಂದು ನನಗನ್ನಿಸುತ್ತದೆ. ಅದು ಓದುವ ಅಭ್ಯಾಸದಿಂದ ಬರುತ್ತದೆ. ಪ್ರತಿ ಕಸುಬೂ ಒಂದು ಪ್ರಶ್ನೆಯನ್ನು ಕೈಗೆ ಕೊಟ್ಟಿರುತ್ತದೆ. ಪುಸ್ತಕದಂಗಡಿಯಲ್ಲಿ ನಿಂತವರು ಹತ್ತು ಪುಟ ಓದುವಷ್ಟರಲ್ಲಿ ಇದನ್ನು ಯಾರ ಕೈಗಿಡಬಹುದು ಎಂದು ಯೋಚಿಸುತ್ತಾರೆ. ಅದು ವ್ಯಾಪಾರದ ಪ್ರಶ್ನೆ ಅನ್ನಿಸಿದರೂ ಅದರಲ್ಲಿ ಮನುಷ್ಯರ ಪರಿಚಯವಿದೆ: ಮಗನನ್ನು ಕಳೆದುಕೊಂಡ ಗಿರಾಕಿಗೆ ಯಾವ ಪುಸ್ತಕ ಕೊಡಬಾರದು ಎಂದು ತಿಳಿದವರು ಅವರೇ. ಪತ್ರಿಕೆಯ ವಿಮರ್ಶಕರಿಗೆ ಹೊಸದೇನು ಎಂಬ ಪ್ರಶ್ನೆ. ವಾರಕ್ಕೊಂದು ಪುಸ್ತಕದ ಬಗ್ಗೆ ಬರೆಯುವವರಿಗೆ ಹಳೆಯ ವರಸೆ ಎರಡನೇ ಪುಟಕ್ಕೇ ಗೊತ್ತಾಗಿಬಿಡುತ್ತದೆ, ಬೇಸರವೂ ಬೇಗ ಆಗುತ್ತದೆ. ಬಾನುಲಿಯವರ ಕಿವಿ ವಾಕ್ಯದ ಓಟವನ್ನು ಹಿಡಿಯುತ್ತದೆ. ಸಾಹಿತ್ಯ ಭವನದವರು ವೇದಿಕೆಯ ಮೇಲೆ ಒಂದು ಗಂಟೆ ಈ ಪುಸ್ತಕ ಮಾತಿಗೆ ಎಡೆಕೊಡುತ್ತದೆಯೇ ಎಂದು ಕೇಳಿಕೊಳ್ಳುತ್ತಾರೆ. ವಾದಕ್ಕೆ ಒದಗುವ ಪುಸ್ತಕ ಅಲ್ಲಿ ಮುಂದೆ ಬರುತ್ತದೆ, ಮೌನವಾಗಿ ಕೂರಿಸುವ ಪುಸ್ತಕ ಹಿಂದೆ ಉಳಿಯಬಹುದು. ಪ್ರಾಧ್ಯಾಪಕರು ಪರಂಪರೆಯ ಎಳೆ ಹುಡುಕುತ್ತಾರೆ.

ಇವೆಲ್ಲ ಒಳ್ಳೆಯ ಪ್ರಶ್ನೆಗಳೇ. ಬೇರೆ ಬೇರೆ ಪ್ರಶ್ನೆಯವರನ್ನು ಒಂದು ಮೇಜಿನ ಸುತ್ತ ಕೂರಿಸಿರುವುದು ಈ ಪ್ರಶಸ್ತಿಯ ಬುದ್ಧಿವಂತಿಕೆ. ಹೋಲಿಕೆಗೆ ಲೈಪ್ಸಿಗ್ ಪುಸ್ತಕ ಮೇಳದ ಪ್ರಶಸ್ತಿಯನ್ನು ನೋಡಬಹುದು. ಅಲ್ಲಿಯ ಏಳು ತೀರ್ಪುಗಾರರೂ ವಿಮರ್ಶಕರು, ಸಾಹಿತ್ಯ ಪತ್ರಕರ್ತರು. ಫ್ರಾಂಕ್‌ಫರ್ಟಿನ ಮಿಶ್ರಣ ಅದಕ್ಕಿಂತ ಅಗಲವಾದದ್ದು. ಆದರೆ ಈ ಅಗಲಕ್ಕೂ ಒಂದು ಬೇಲಿಯಿದೆ. ಏಳೂ ಜನ ಪುಸ್ತಕದಿಂದಲೇ ಅನ್ನ ತಿನ್ನುವವರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಂಗಡಿಯಲ್ಲಿ ಅಂಟಿಸುತ್ತಾರೆ. ಒಬ್ಬರ ಭವನದ ವೇದಿಕೆಗೆ ಇನ್ನೊಬ್ಬರು ಸಂವಾದ ನಡೆಸಲು ಹೋಗುತ್ತಾರೆ. ವೃತ್ತಿ ಬೇರೆಯಾದರೂ ಲೋಕ ಒಂದೇ.

ಗೆದ್ದ ಲೇಖಕರ ಕಸುಬುಗಳನ್ನು ಎದುರಿಗಿಟ್ಟಾಗ ಈ ಬೇಲಿ ಎದ್ದು ಕಾಣುತ್ತದೆ. 2008ರಲ್ಲಿ ‘ಗೋಪುರ’ ಕಾದಂಬರಿಗೆ ಪ್ರಶಸ್ತಿ ಪಡೆದ ಊವೆ ಟೆಲ್ಕಾಂಪ್ ವೈದ್ಯರಾಗಿದ್ದವರು. ಆ ಕಾದಂಬರಿಯಲ್ಲಿ ಪೂರ್ವ ಜರ್ಮನಿಯ ಆಸ್ಪತ್ರೆಯ ಒಳಗು ಇರುವುದು ಹಾಗಾಗಿಯೇ. 2009ರಲ್ಲಿ ಗೆದ್ದ ಕಾಟ್ರಿನ್ ಶ್ಮಿಟ್ ಮನಶ್ಶಾಸ್ತ್ರ ಓದಿ ಕೆಲಸ ಮಾಡಿದವರು. ಮೆದುಳಿನ ರಕ್ತಸ್ರಾವದಿಂದ ಮಾತು ಕಳೆದುಕೊಂಡು ಮತ್ತೆ ಒಂದೊಂದೇ ಪದ ಕಲಿಯುವ ಹೆಂಗಸಿನ ಕಥೆಯನ್ನು ಅವರು ಬರೆದದ್ದು ಅಂಥ ಆಘಾತವನ್ನು ತಾವೇ ದಾಟಿಬಂದ ಮೇಲೆ. 2011ರ ಓಯ್ಗೆನ್ ರೂಗೆ ಗಣಿತಜ್ಞ. ಪಾಟ್ಸ್‌ಡಾಮ್‌ನ ಭೂಭೌತ ಸಂಸ್ಥೆಯಲ್ಲಿ ಕೆಲಸ ಮಾಡಿದ್ದವರು. 2014ರ ಲುಟ್ಸ್ ಜೈಲರ್ ಕಟ್ಟಡ ಕೆಲಸದಲ್ಲಿ ತರಬೇತಿ ಪಡೆದು ಗಾರೆ ಕೆಲಸ, ಮರಗೆಲಸ ಮಾಡಿದ್ದವರು. 2024ರ ಮಾರ್ಟಿನಾ ಹೆಫ್ಟರ್ ನೃತ್ಯ ಪ್ರದರ್ಶನಗಳ ಲೋಕದಿಂದ ಬಂದವರು. ಲೈಪ್ಸಿಗ್ ಪ್ರಶಸ್ತಿಯ ಕಡೆ ತಿರುಗಿದರೆ, 2023ರಲ್ಲಿ ಗೆದ್ದ ದಿಂಚೆರ್ ಗ್ಯೂಚ್‌ಯೆತೆರ್, ತಾವು ಕಟ್ಟಿದ ಪುಟ್ಟ ಕಾವ್ಯ ಪ್ರಕಾಶನವನ್ನು ಉಳಿಸಿಕೊಳ್ಳಲು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಿದವರು.

ಗಾರೆಯವನ ಕಾದಂಬರಿಗೆ ಪ್ರಶಸ್ತಿ ಬರಬಹುದು, ಆದರೆ ಗಾರೆಯವನು ಪ್ರಶಸ್ತಿ ಕೊಡುವ ಮೇಜಿನಲ್ಲಿ ಕೂರುವಂತಿಲ್ಲ. ಶಸ್ತ್ರಚಿಕಿತ್ಸೆಯ ಕೋಣೆಯ ವರ್ಣನೆ ಪುಸ್ತಕದಲ್ಲಿದ್ದರೆ, ಅದು ಎಷ್ಟು ನಿಜ ಎಂದು ಮೈಯಿಂದ ತಿಳಿದವರು ತೀರ್ಪುಗಾರರಲ್ಲಿ ಇರುವುದಿಲ್ಲ. ಬರೆಯಲು ಬದುಕಿನ ಅನುಭವ ಬೇಕು ಎಂದು ಒಪ್ಪುವ ಸಾಹಿತ್ಯ ಲೋಕ, ಓದಲು ಓದಿನ ಅನುಭವವಷ್ಟೇ ಸಾಕು ಎಂದು ಅಂದುಕೊಂಡಂತಿದೆ.

ಇದಕ್ಕೆ ಯಾರ ದುರುದ್ದೇಶವೂ ಕಾರಣವಲ್ಲ. ಕಾರಣ ಸಮಯ. ಪ್ರತಿ ವರ್ಷ ಈ ಪ್ರಶಸ್ತಿಗೆ ಸುಮಾರು 200 ಕಾದಂಬರಿಗಳು ಬರುತ್ತವೆ. ಒಂದೊಂದೂ 300 ಪುಟ ಎಂದಿಟ್ಟುಕೊಂಡರೆ 60,000 ಪುಟ. ವಸಂತದಿಂದ ಆಗಸ್ಟ್‌ವರೆಗೆ ಐದು ತಿಂಗಳು ಎಂದರೆ ದಿನಕ್ಕೆ 400 ಪುಟ. ಏಳು ಜನ ಹಂಚಿಕೊಂಡು ಓದಿದರೂ, ಒಳ್ಳೆಯದನ್ನು ಎಲ್ಲರೂ ಮತ್ತೆ ಓದಲೇಬೇಕು. ಬೆಳಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಬೇರೆ ಕೆಲಸ ಮಾಡುವವರಿಗೆ ಇದು ಆಗದ ಮಾತು. ಓದುವುದೇ ಉದ್ಯೋಗವಾದವರಿಗೆ, ಆ ಉದ್ಯೋಗ ಕೊಟ್ಟ ಸಂಸ್ಥೆ ಸ್ವಲ್ಪ ಬಿಡುವು ಕೊಟ್ಟರೆ, ಆಗಬಹುದು. ಹೀಗೆ ಯಾರೂ ಬೇಕೆಂದು ಮಾಡದೆಯೇ, ದಿನದ ಇಪ್ಪತ್ತನಾಲ್ಕು ಗಂಟೆಗಳೇ ಮೇಜಿನ ಸುತ್ತ ಯಾರು ಕೂರಬೇಕೆಂದು ತೀರ್ಮಾನಿಸಿಬಿಡುತ್ತವೆ.

ಬೇರೆ ಬಗೆಯ ಮೇಜು ಹಾಕಿದರೆ ಏನಾಗಬಹುದು ಎಂಬುದಕ್ಕೆ ಅದೇ ಜರ್ಮನ್ ಸಾಹಿತ್ಯದಿಂದ ಒಂದು ಉದಾಹರಣೆ ಇದೆ. 2021ರಲ್ಲಿ ಜೆನ್ನಿ ಎರ್ಪೆನ್‌ಬೆಕ್ ಅವರ ‘ಕೈರೋಸ್’ ಜರ್ಮನ್‌ನಲ್ಲಿ ಬಂತು. ಪೂರ್ವ ಬರ್ಲಿನ್ನಿನಲ್ಲಿ ಹತ್ತೊಂಬತ್ತರ ಹುಡುಗಿ ಮತ್ತು ಐವತ್ತು ದಾಟಿದ ಮದುವೆಯಾದ ಲೇಖಕನ ನಡುವಿನ ಪ್ರೇಮ ನಿಧಾನಕ್ಕೆ ಹಿಂಸೆಯಾಗುತ್ತ ಹೋಗುವ ಕಥೆ. ಅದರ ಜೊತೆಜೊತೆಗೇ ಒಂದು ದೇಶ ಕುಸಿಯುತ್ತದೆ. ಆ ವರ್ಷದ ಜರ್ಮನ್ ಪುಸ್ತಕ ಪ್ರಶಸ್ತಿಯ 20 ಪುಸ್ತಕಗಳ ಉದ್ದ ಪಟ್ಟಿಯಲ್ಲೂ ಅದರ ಹೆಸರಿಲ್ಲ. ಮೂರು ವರ್ಷ ಕಳೆದು, 2024ರಲ್ಲಿ, ಮೈಕೆಲ್ ಹಾಫ್‌ಮನ್ ಅವರ ಇಂಗ್ಲಿಷ್ ಅನುವಾದದಲ್ಲಿ ಅದು ಇಂಟರ್‌ನ್ಯಾಷನಲ್ ಬುಕರ್ ಗೆದ್ದಿತು. ಅಲ್ಲಿಯ ಐವರು ತೀರ್ಪುಗಾರರ ಕಂಸಗಳನ್ನು ನೋಡಿ: ಅಧ್ಯಕ್ಷೆ ಎಲೆನಾರ್ ವಾಕ್ಟೆಲ್ ಕೆನಡಾದ ಬಾನುಲಿ ಸಂದರ್ಶಕಿ, ನಟಾಲಿ ಡಿಯಾಜ್ ಕವಿ, ರೊಮೇಶ್ ಗುಣಶೇಖರ ಕಾದಂಬರಿಕಾರ, ವಿಲಿಯಂ ಕೆಂಟ್ರಿಜ್ ದಕ್ಷಿಣ ಆಫ್ರಿಕಾದ ಚಿತ್ರ ಕಲಾವಿದ, ಆರನ್ ರಾಬರ್ಟ್‌ಸನ್ ಲೇಖಕ ಮತ್ತು ಅನುವಾದಕ. ವರ್ಣಭೇದ ನೀತಿಯ ಆಡಳಿತ ಕುಸಿದದ್ದನ್ನು ಒಳಗಿನಿಂದ ಕಂಡು ಅದನ್ನೇ ಇದ್ದಿಲಿನಲ್ಲಿ ಬರೆದು ಅಳಿಸುತ್ತ ಬಂದ ಕಲಾವಿದನೊಬ್ಬ, ಕುಸಿದುಹೋದ ಇನ್ನೊಂದು ದೇಶದ ಕಥೆಯನ್ನು ಓದುವ ರೀತಿ ಬೇರೆಯೇ ಇರುತ್ತದೆ.

ಇದರಿಂದ ಫ್ರಾಂಕ್‌ಫರ್ಟಿನ ಏಳು ಜನ ತಪ್ಪು ಮಾಡಿದರು ಎಂದು ಸಾಬೀತಾಗುವುದಿಲ್ಲ. ಆ ವರ್ಷ ಅವರು ಆರಿಸಿದ ಆಂಟ್ಯೆ ರಾವಿಕ್ ಶ್ಟ್ರೂಬೆಲ್ ಅವರ ‘ನೀಲಿ ಹೆಂಗಸು’ ಗಟ್ಟಿಯಾದ ಪುಸ್ತಕ. ಅತ್ಯಾಚಾರಕ್ಕೊಳಗಾದ ಜೆಕ್ ಹುಡುಗಿಯೊಬ್ಬಳು ಯುರೋಪಿನ ಪೂರ್ವ–ಪಶ್ಚಿಮಗಳ ನಡುವೆ ನ್ಯಾಯ ಹುಡುಕುವುದು ಅದರ ವಸ್ತು. ಅದೇ ಕಿರುಪಟ್ಟಿಯಲ್ಲಿ ಮಿಥು ಸನ್ಯಾಲ್ ಅವರ ‘ಐಡೆಂಟಿಟ್ಟಿ’ಯೂ ಇತ್ತು, ತನ್ನನ್ನು ಸರಸ್ವತಿ ಎಂದು ಕರೆದುಕೊಂಡು ಭಾರತೀಯಳೆಂದು ನಂಬಿಸಿದ ಬಿಳಿಯ ಪ್ರಾಧ್ಯಾಪಕಿಯೊಬ್ಬಳ ಬಣ್ಣ ಬಯಲಾಗುವ ಕಥೆ. ಅಂಥದನ್ನು ಗುರುತಿಸಿದ ಸಮಿತಿಯನ್ನು ಸಂಕುಚಿತ ಎನ್ನಲಾಗದು. ನಾನು ಹೇಳುತ್ತಿರುವುದು ಇಷ್ಟೇ: ಎರಡು ಮೇಜುಗಳು ಎರಡು ಬಗೆಯಲ್ಲಿ ಓದಿದವು. ಹಾಗೆ ಓದಿದ್ದರಲ್ಲಿ ಕೂತವರ ಕಸುಬಿಗೂ ಪಾಲಿದೆ.

ಕನ್ನಡದ ಓದುಗರಿಗೆ ಇದರ ಮುಂದಿನ ವರ್ಷದ ಮೇಜು ಇನ್ನೂ ಚೆನ್ನಾಗಿ ಗೊತ್ತು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಆಗಿ ಅದೇ ಪ್ರಶಸ್ತಿ ಪಡೆದವು. ಆ ವರ್ಷದ ಅದರ ಉದ್ದ ಪಟ್ಟಿಯಲ್ಲಿ 2021ರ ಜರ್ಮನ್ ಕಿರುಪಟ್ಟಿಯಲ್ಲಿದ್ದ ಕ್ರಿಸ್ಟಿಯಾನ್ ಕ್ರಾಖ್ಟ್ ಕಾದಂಬರಿ ‘ಯೂರೊಟ್ರ್ಯಾಶ್’ ಕೂಡ ಇತ್ತು. ತೀರ್ಪುಗಾರರಲ್ಲಿ ಕಾದಂಬರಿಕಾರ ಮ್ಯಾಕ್ಸ್ ಪೋರ್ಟರ್, ಕವಿ ಮತ್ತು ನಿರ್ದೇಶಕ ಕೇಲೆಬ್ ಫೆಮಿ, ಪತ್ರಿಕಾ ಸಂಪಾದಕಿ ಸನಾ ಗೋಯಲ್, ಅನುವಾದಕ ಆಂಟನ್ ಹರ್ ಇದ್ದರು. ಐದನೆಯವರು ಬೆತ್ ಆರ್ಟನ್, ಹಾಡು ಕಟ್ಟಿ ಹಾಡುವವರು. ಹಾಸನದ ವಕೀಲೆಯೊಬ್ಬರು ಕಂಡ ಮನೆಗಳ ಕಥೆಯನ್ನು ಒಬ್ಬ ಗಾಯಕಿ ಕೂತು ತೂಗಿದರು. ಆ ಮೇಜಿನ ಮೇಲೂ ಟೀಕೆಗಳು ಬರುತ್ತವೆ, ಪ್ರಸಿದ್ಧರನ್ನು ಕೂರಿಸುವುದು ಪ್ರಚಾರಕ್ಕೆ ಎನ್ನುವವರಿದ್ದಾರೆ. ಅದು ಪೂರ್ತಿ ಸುಳ್ಳಲ್ಲ. ಆದರೂ ಅಲ್ಲಿ ಪುಸ್ತಕೋದ್ಯಮದ ಹೊರಗಿನ ಒಂದು ಕಿವಿಗೆ ಜಾಗವಿದೆ.

ಜರ್ಮನ್ ಸಂಪ್ರದಾಯದಲ್ಲೂ ಇಂಥ ಜಾಗ ಇಲ್ಲದಿರಲಿಲ್ಲ. 1912ರಲ್ಲಿ ಹುಟ್ಟಿದ ಕ್ಲೈಸ್ಟ್ ಪ್ರಶಸ್ತಿಯಲ್ಲಿ ಪ್ರತಿ ವರ್ಷ ಒಬ್ಬ ‘ನಂಬಿಕೆಯ ವ್ಯಕ್ತಿ’ಯನ್ನು ಆರಿಸಿ, ನಿರ್ಧಾರವನ್ನು ಅವರೊಬ್ಬರಿಗೇ ಬಿಡುತ್ತಿದ್ದರು. ಸಮಿತಿ ಕೂತರೆ ಎಲ್ಲರಿಗೂ ಒಪ್ಪಿಗೆಯಾಗುವ ಸಾಧಾರಣ ಕೃತಿ ಗೆಲ್ಲುತ್ತದೆ ಎಂಬ ಆತಂಕ ಅದರ ಹಿಂದಿತ್ತು. 1922ರಲ್ಲಿ ರಂಗವಿಮರ್ಶಕ ಹೆರ್ಬರ್ಟ್ ಈಯರಿಂಗ್, ನಮ್ಮ ರಂಗಭೂಮಿಗೂ ಮುಂದೆ ಹತ್ತಿರವಾದ ಬ್ರೆಕ್ಟ್‌ನನ್ನು ಅವನ ಇಪ್ಪತ್ತನಾಲ್ಕನೇ ವಯಸ್ಸಿನಲ್ಲೇ ಗುರುತಿಸಿದ್ದು ಹೀಗೆ. ಮರುವರ್ಷ, 1923ರಲ್ಲಿ, ನಿರ್ಧಾರ ಆಲ್ಫ್ರೆಡ್ ಡ್ಯೋಬ್ಲಿನ್ ಅವರದಾಗಿತ್ತು. ಡ್ಯೋಬ್ಲಿನ್ ಕಾದಂಬರಿಕಾರರಷ್ಟೇ ಅಲ್ಲ, ಬರ್ಲಿನ್ನಿನ ಪೂರ್ವ ಭಾಗದ ಕಾರ್ಮಿಕರ ಬಡಾವಣೆಯಲ್ಲಿ ರೋಗಿಗಳನ್ನು ನೋಡುತ್ತಿದ್ದ ವೈದ್ಯ. ಅವರು ಆರಿಸಿದ ಇಬ್ಬರಲ್ಲಿ ವಿಲ್‌ಹೆಲ್ಮ್ ಲೇಮನ್ ಶಾಲಾ ಮೇಷ್ಟರು, ರಾಬರ್ಟ್ ಮೂಸಿಲ್ ಯಂತ್ರಶಾಸ್ತ್ರದ ಎಂಜಿನಿಯರಿಂಗ್ ಓದಿದವರು. ವೈದ್ಯ ತೀರ್ಪುಗಾರ, ಎಂಜಿನಿಯರ್ ಮತ್ತು ಮೇಷ್ಟರು ವಿಜೇತರು. ಇವತ್ತಿನ ಫ್ರಾಂಕ್‌ಫರ್ಟಿನಲ್ಲಿ ಇದರ ಎರಡನೇ ಅರ್ಧ ಮಾತ್ರ ನಡೆಯಬಲ್ಲದು. ಕ್ಲೈಸ್ಟ್ ಪ್ರಶಸ್ತಿ 1932ರ ನಂತರ ನಿಂತು 1985ರಲ್ಲಿ ಮತ್ತೆ ಶುರುವಾಯಿತು, ಒಬ್ಬರೇ ನಿರ್ಧರಿಸುವ ಪದ್ಧತಿಯೊಂದಿಗೇ.

ಕಸುಬು ಗೊತ್ತಾದ ಮಾತ್ರಕ್ಕೆ ತೀರ್ಪಿನ ಗುಟ್ಟೆಲ್ಲ ಗೊತ್ತಾಗುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಬರ್ಲಿನ್ನಿನ ‘ಹೌಸ್ ಡೇರ್ ಕುಲ್ಟೂರೆನ್ ಡೇರ್ ವೆಲ್ಟ್’ ಸಂಸ್ಥೆ ಅನುವಾದಿತ ಕೃತಿಗಳಿಗೆ ಒಂದು ಅಂತಾರಾಷ್ಟ್ರೀಯ ಪ್ರಶಸ್ತಿ ಕೊಡುತ್ತದೆ. 2023ರಲ್ಲಿ ಅದರ ತೀರ್ಪುಗಾರರಾಗಿದ್ದ ಜೂಲಿಯಾನೆ ಲೀಬರ್ಟ್ ಮತ್ತು ರೋನ್ಯಾ ಓಥ್‌ಮನ್ ಮರುವರ್ಷ ‘ಡೀ ಸೈಟ್’ ಪತ್ರಿಕೆಯಲ್ಲಿ ಒಳಗಿನ ಚರ್ಚೆಯನ್ನು ಹೊರಗಿಟ್ಟರು. ಪುಸ್ತಕದ ಗುಣಕ್ಕಿಂತ ಲೇಖಕರ ಚರ್ಮದ ಬಣ್ಣ, ದೇಶ, ಗುರುತುಗಳು ಅಲ್ಲಿ ಹೆಚ್ಚು ತೂಗಿದವು ಎಂಬುದು ಅವರ ಆಕ್ಷೇಪ. ಸಂಸ್ಥೆ ಅದನ್ನು ತಳ್ಳಿಹಾಕಿತು, ಗೋಪ್ಯತೆ ಮುರಿದದ್ದನ್ನು ಖಂಡಿಸಿತು. ಜರ್ಮನ್ ಪತ್ರಿಕೆಗಳಲ್ಲಿ ವಾರಗಟ್ಟಲೆ ಗದ್ದಲವಾಯಿತು. ಯಾರು ಸರಿ ಎಂದು ಹೊರಗಿನವರು ಹೇಳುವುದು ಕಷ್ಟ, ಕೋಣೆ ಮುಚ್ಚಿತ್ತು. ಕಂಸದಲ್ಲಿ ಬರೆದ ಕಸುಬು ಕೋಣೆಯ ಬಾಗಿಲವರೆಗೆ ಮಾತ್ರ ನಮ್ಮನ್ನು ಕರೆದೊಯ್ಯುತ್ತದೆ.

ಬಾಗಿಲನ್ನೂ ತೆಗೆದಿಟ್ಟ ಒಂದು ಮಾದರಿ ಜರ್ಮನ್ ಭಾಷೆಯಲ್ಲಿದೆ, ಜರ್ಮನಿಯಲ್ಲಲ್ಲ, ಆಸ್ಟ್ರಿಯಾದ ಕ್ಲಾಗನ್‌ಫುರ್ಟ್‌ನಲ್ಲಿ. ಇಂಗೆಬೋರ್ಗ್ ಬಾಖ್‌ಮನ್ ಹೆಸರಿನ ಆ ಸ್ಪರ್ಧೆ 1977ರಿಂದ ನಡೆಯುತ್ತಿದೆ. ಲೇಖಕರು ಓದುತ್ತಾರೆ, ತೀರ್ಪುಗಾರರು ಅವರ ಎದುರಿಗೇ, ಟೀವಿಯ ನೇರ ಪ್ರಸಾರದಲ್ಲಿ ವಾದಿಸುತ್ತಾರೆ. ಲೇಖಕರನ್ನು ಕರೆಸಿದವರೂ ಆ ತೀರ್ಪುಗಾರರೇ. ಯಾರು ಯಾರನ್ನು ಕರೆಸಿದರು ಎಂಬುದೂ ಗುಟ್ಟಲ್ಲ. ಮೊದಲ ವರ್ಷ ವಿಮರ್ಶಕ ಮಾರ್ಸೆಲ್ ರೈಖ್–ರಾನಿಟ್ಸ್‌ಕಿ ಕಾರಿನ್ ಶ್ಟ್ರುಕ್ ಅವರ ಬರಹವನ್ನು ನಿರ್ದಯವಾಗಿ ಹೀಗಳೆದಾಗ ಅವರು ಅಳುತ್ತ ಹೊರಗೆ ಹೋದರು. ಪಾರದರ್ಶಕತೆಯಲ್ಲಿ ಅಷ್ಟು ಕ್ರೌರ್ಯವೂ ಸೇರಬಹುದು. ಆದರೆ ಅಲ್ಲಿ ತೀರ್ಪುಗಾರರ ಓದು ಎಂಥದು ಎಂದು ನೋಡುವವರು ತಾವೇ ತೀರ್ಮಾನಿಸಬಹುದು.

ಇದನ್ನೆಲ್ಲ ಕನ್ನಡದ ಪಕ್ಕ ಇಟ್ಟರೆ ಏನು ಕಾಣುತ್ತದೆ? ಕೇಂದ್ರ ಸಾಹಿತ್ಯ ಅಕಾಡೆಮಿಯಲ್ಲಿ ಪ್ರತಿ ಭಾಷೆಗೂ ಮೂವರು ತೀರ್ಪುಗಾರರು. ಅವರ ಹೆಸರು ಫಲಿತಾಂಶದ ಜೊತೆಗೇ ಹೊರಬರುತ್ತದೆ. ಜರ್ಮನ್ ಪುಸ್ತಕ ಪ್ರಶಸ್ತಿಯಲ್ಲಿ ಹೆಸರುಗಳು ತಿಂಗಳುಗಳ ಮೊದಲೇ ಗೊತ್ತಿರುತ್ತವೆ. ನಮ್ಮ ಕ್ರಮದಲ್ಲಿ ವಶೀಲಿಗೆ ತಡೆ ಇದೆ ಎನ್ನಬಹುದು. ಅವರ ಕ್ರಮದಲ್ಲಿ ಎಲ್ಲರ ಕಣ್ಣು ಮೊದಲಿನಿಂದಲೇ ಇರುತ್ತದೆ. ಪ್ರಶಸ್ತಿ ಬಂದ ಮೇಲೆ ನಾವು ಆಡುವ ಮಾತುಗಳು ಮಾತ್ರ ಹಳೆಯವೇ: ಯಾವ ಜಿಲ್ಲೆ, ಯಾವ ಜಾತಿ, ಯಾರ ಶಿಷ್ಯ. ತೀರ್ಪುಗಾರರು ಯಾವ ಕೆಲಸದಿಂದ ಬದುಕಿದವರು, ಆ ಕೆಲಸ ಅವರಿಗೆ ಯಾವ ಬಗೆಯ ಓದನ್ನು ಕಲಿಸಿದೆ ಎಂಬ ಪ್ರಶ್ನೆ ನಮ್ಮಲ್ಲಿ ಏಳುವುದೇ ಕಡಿಮೆ. ಏಕೆಂದರೆ ಉತ್ತರ ಹೆಚ್ಚಾಗಿ ಒಂದೇ: ಅಧ್ಯಾಪಕರು ಅಥವಾ ಅಧ್ಯಾಪಕರಾಗಿದ್ದ ಲೇಖಕರು. ಜರ್ಮನಿಯಲ್ಲಿ ಕನಿಷ್ಠ ಅಂಗಡಿಯವರಿಗೆ ಕುರ್ಚಿ ಸಿಕ್ಕಿದೆ. ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ಮೂರು ದಿನ ನಿಂತು ಯಾರು ಯಾವ ಪುಸ್ತಕ ಎತ್ತಿಕೊಂಡು ಮತ್ತೆ ಕೆಳಗಿಟ್ಟರು ಎಂದು ಕಂಡವರನ್ನು ನಾವು ಇನ್ನೂ ಕರೆದಿಲ್ಲ.

ಕನ್ನಡದಲ್ಲೂ ಬರೆದವರ ಕಸುಬು ಹಲವು ಬಗೆ. ಯಶವಂತ ಚಿತ್ತಾಲರು ಮುಂಬೈಯಲ್ಲಿ ಪಾಲಿಮರ್ ತಂತ್ರಜ್ಞರು, ಜಯಂತ ಕಾಯ್ಕಿಣಿ ಅದೇ ಊರಿನ ಔಷಧ ಕಂಪನಿಯಲ್ಲಿ ರಸಾಯನ ವಿಜ್ಞಾನಿ. ‘ಶಿಕಾರಿ’ಯ ನಾಗಪ್ಪನ ಮೇಲೆ ಕಂಪನಿ ವಿಚಾರಣೆ ಎಳೆಯುವ ರೀತಿಯನ್ನು, ಮಾನವ ಸಂಪನ್ಮೂಲ ವಿಭಾಗದಿಂದ ಒಂದು ತಣ್ಣನೆಯ ಪತ್ರ ಪಡೆದು ರಾತ್ರಿ ನಿದ್ದೆಗೆಟ್ಟ ಯಾರಾದರೂ ಓದಿದರೆ ಅವರಿಗೆ ಕಾಣುವುದೇ ಬೇರೆ. ಆ ಓದು ಅಧ್ಯಾಪಕರ ಓದಿಗಿಂತ ಮೇಲು ಎನ್ನುತ್ತಿಲ್ಲ. ಅಸ್ತಿತ್ವವಾದದ ನೆಲೆಯನ್ನು ತೋರಿಸಲು ಅಧ್ಯಾಪಕರೇ ಬೇಕು. ಆದರೆ ಆ ಕಾದಂಬರಿಯ ಭಯ ಎಷ್ಟು ನಿಖರ ಎಂದು ಹೇಳಬಲ್ಲವರು ಇನ್ನೊಬ್ಬರು. ಈ ಪತ್ರಿಕೆಯನ್ನು ಓದುವವರಲ್ಲಿ ಅಂಥವರೇ ಹೆಚ್ಚು: ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಸಾಫ್ಟ್‌ವೇರ್‌ನಲ್ಲಿ ದಿನ ಕಳೆದು ಉಳಿದ ಹೊತ್ತಿನಲ್ಲಿ ಓದುವವರು. ಪುಸ್ತಕ ಕೊಳ್ಳುವ ಹಣ ಈ ಕಡೆಯಿಂದ ಬರುತ್ತದೆ, ತೀರ್ಪು ಆ ಕಡೆಯಿಂದ.

ಸಮಯದ ತೊಡಕಿಗೆ ಪರಿಹಾರ ಕಷ್ಟವಲ್ಲ. 200ರಿಂದ 20ಕ್ಕೆ, 20ರಿಂದ ಆರಕ್ಕೆ ಇಳಿಸುವ ಕೆಲಸ ವೃತ್ತಿಪರರದೇ ಆಗಿರಲಿ. ಆ ಕೆಲಸಕ್ಕೆ ಅವರ ಬೇಸರವೂ ಬೇಕು, ಅವರ ನೆನಪೂ ಬೇಕು. ಕೊನೆಯ ಆರು ಪುಸ್ತಕಗಳ ಹಂತಕ್ಕೆ ಹೊರಗಿನ ಇಬ್ಬರು ಬರಲಿ, ಒಬ್ಬ ದಾದಿ, ಒಬ್ಬ ಎಂಜಿನಿಯರ್, ಯಾರಾದರೂ ಸರಿ, ಓದುವ ಹುಚ್ಚಿದ್ದರೆ ಸಾಕು. ಆರು ಕಾದಂಬರಿ ಎಂದರೆ 1,800 ಪುಟ. ಕಿರುಪಟ್ಟಿಗೂ ಘೋಷಣೆಗೂ ನಡುವೆ ಸುಮಾರು ನಾಲ್ಕು ವಾರ, ದಿನಕ್ಕೆ 65 ಪುಟ. ಡೊಂಬಿವಲಿಯಿಂದ ಸಿಎಸ್‌ಟಿಗೆ ಲೋಕಲ್‌ನಲ್ಲಿ ಕೂತು ಹೋಗಿಬರುವಷ್ಟರಲ್ಲಿ ಮುಗಿಯುವ ಓದು, ಸೀಟು ಸಿಕ್ಕರೆ. ಆಗ ಕಂಸದೊಳಗೆ ಬೇರೊಂದು ಬಗೆಯ ಕಸುಬನ್ನು ಬರೆಯಬೇಕಾಗುತ್ತದೆ. ನಮ್ಮ ಅಕಾಡೆಮಿಗಳು ಅಷ್ಟು ದೂರ ಹೋಗುವ ಮೊದಲು, ಮೂವರ ಹೆಸರಿನ ಮುಂದೆ ಕಂಸ ಹಾಕುವುದನ್ನಾದರೂ ಶುರುಮಾಡಬಹುದು.